ಪರೀಕ್ಷೆ ಮಾಡಿದವರು ಒಬ್ಬರು, ಸಾಕ್ಷಿ ಹೇಳಿದವರು ಇನ್ನೊಬ್ಬರು

ಪೊಲೀಸರು ಹಿಡಿದ ಪುಡಿ ಯಾವುದು ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮೆಟೊಗ್ರಾಫ್ ಯಂತ್ರ ಬಳಸುತ್ತಾರೆ. ಅದು ಮಾದರಿಯನ್ನು ಆವಿ ಮಾಡಿ ಕೂದಲಿನಂಥ ಕೊಳವೆಯಲ್ಲಿ ಹಾಯಿಸುತ್ತದೆ. ಒಂದೊಂದು ರಾಸಾಯನಿಕ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಆಮೇಲೆ ಮಾಸ್ ಸ್ಪೆಕ್ಟ್ರೋಮೀಟರ್ ಅದರ ಅಣುಗಳನ್ನು ಒಡೆದು ಚೂರುಗಳನ್ನು ಅಳೆಯುತ್ತದೆ. ತುಂಬಾ ಸೂಕ್ಷ್ಮ ಯಂತ್ರ. ಹಿಂದಿನ ಮಾದರಿಯ ಅಂಶ ಸ್ವಲ್ಪ ಒಳಗುಳಿದಿದ್ದರೂ ಮುಂದಿನದರಲ್ಲಿ ಕಾಣಿಸಿಬಿಡಬಹುದು. ಅದಕ್ಕೇ ಮೊದಲು ಬರೀ ದ್ರಾವಕ ಹಾಕಿ ನೋಡುತ್ತಾರೆ. ಇದಕ್ಕೆ ‘ಬ್ಲ್ಯಾಂಕ್’ ಎನ್ನುತ್ತಾರೆ. ಏನೂ ಕಾಣದಿದ್ದರೆ ಯಂತ್ರ ಶುಚಿಯಾಗಿದೆ ಎಂದರ್ಥ.

ಬ್ಲ್ಯಾಂಕ್ ನಿಜವಾಗಿಯೂ ಹಾಕಿದ್ದರಾ? ಹಾಕಿದವರೇ ಹೇಳಬೇಕು, ಅಲ್ವಾ?

ಅಮೆರಿಕದ ಅರಿಜೋನಾದ ಪ್ರಕರಣವೊಂದರಲ್ಲಿ 8 ಮಾದರಿಗಳನ್ನು ಪರೀಕ್ಷಿಸಿದ ತಜ್ಞೆ ವಿಚಾರಣೆಯ ಹೊತ್ತಿಗೆ ಕೆಲಸ ಬಿಟ್ಟಿದ್ದರು. ತೂಕ ಎಷ್ಟು, ಯಾವ ಪರೀಕ್ಷೆ, ಬ್ಲ್ಯಾಂಕ್ ಹಾಕಿದ್ದು, ಎಲ್ಲವೂ ಅವರ ಟಿಪ್ಪಣಿಯಲ್ಲಿತ್ತು. ಅದನ್ನು ಓದಿಕೊಂಡು ಬೇರೊಬ್ಬ ತಜ್ಞರು ಬಂದು ಸಾಕ್ಷಿ ಹೇಳಿದರು. ಅವರು ಆ ಮಾದರಿಗಳನ್ನು ಪರೀಕ್ಷಿಸಿದವರೇ ಅಲ್ಲ. ಆದರೂ ಇದು ತಮ್ಮ ಸ್ವತಂತ್ರ ಅಭಿಪ್ರಾಯ ಎಂದರು. ಆರೋಪಿಗೆ ಶಿಕ್ಷೆಯಾಯಿತು.

ಟಿಪ್ಪಣಿಯನ್ನು ನಿಜವೆಂದು ಸಾಬೀತು ಮಾಡಲು ತಂದಿಲ್ಲ, ತಜ್ಞರ ಅಭಿಪ್ರಾಯಕ್ಕೆ ಆಧಾರವಾಗಿ ತೋರಿಸಿದ್ದು ಅಷ್ಟೇ. ರಾಜ್ಯದ ಮೇಲ್ಮನವಿ ನ್ಯಾಯಾಲಯ ಹೀಗೆ ಸಮರ್ಥಿಸಿತು. ನನಗೆ ಈ ಮಾತು ಮೊದಲಿಂದಲೂ ಒಪ್ಪಿಗೆಯಾಗಿಲ್ಲ. ಟಿಪ್ಪಣಿ ಸುಳ್ಳಾದರೆ ಅಭಿಪ್ರಾಯ ನಿಲ್ಲುವುದು ಯಾವುದರ ಮೇಲೆ? 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿ ಆ ತೀರ್ಪನ್ನು ಬದಿಗಿಟ್ಟಿತು. ಕೋರ್ಟಿನಲ್ಲಿ ಸಾಕ್ಷ್ಯವಾಗಲೆಂದೇ ಟಿಪ್ಪಣಿ ಬರೆದಿದ್ದರಾ ಎನ್ನುವುದನ್ನು ಮಾತ್ರ ತೀರ್ಮಾನಿಸಲು ಅರಿಜೋನಾಗೇ ಬಿಟ್ಟಿತು.

ಈ ವಾದಕ್ಕೆಲ್ಲ ಆಧಾರ ಆರೋಪಿಗಿರುವ ಒಂದು ಹಕ್ಕು. ತನ್ನ ವಿರುದ್ಧ ಸಾಕ್ಷಿ ಹೇಳುವವರನ್ನು ಎದುರಿಗೆ ನಿಲ್ಲಿಸಿ ಪಾಟೀಸವಾಲು ಮಾಡುವ ಹಕ್ಕು ಅಲ್ಲಿನ ಸಂವಿಧಾನದ 6ನೇ ತಿದ್ದುಪಡಿಯಲ್ಲಿದೆ. ಪ್ರಯೋಗಾಲಯದ ಪ್ರಮಾಣಪತ್ರಕ್ಕೂ ಅದು ಅನ್ವಯಿಸುತ್ತದೆ ಎಂದು 2009ರಲ್ಲೇ ತೀರ್ಪಾಗಿತ್ತು. ಆ ಪ್ರಕರಣ ಮ್ಯಾಸಚೂಸೆಟ್ಸ್ ರಾಜ್ಯದ್ದು. ಮೂರು ವರ್ಷದ ನಂತರ ಅದೇ ರಾಜ್ಯದಲ್ಲಿ ಒಬ್ಬ ರಸಾಯನ ತಜ್ಞೆಯ ಮೋಸ ಬಯಲಾಯಿತು. ಎಷ್ಟೋ ಮಾದರಿಗಳನ್ನು ಪರೀಕ್ಷೆಯನ್ನೇ ಮಾಡದೆ, ಸುಮ್ನೆ ಕಣ್ಣಲ್ಲಿ ನೋಡಿ ಮಾದಕ ವಸ್ತು ಎಂದು ಬರೆದಿದ್ದರು. 2017ರಲ್ಲಿ 21,000ಕ್ಕೂ ಜಾಸ್ತಿ ಪ್ರಕರಣಗಳು ವಜಾ ಆದವು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಹಾಗಂತ ಮೇಲ್ಮನವಿ ಸುಲಭವಲ್ಲ. ವಿಚಾರಣೆಯ ಹೊತ್ತಿಗೇ ವಕೀಲರು ಆಕ್ಷೇಪ ಎತ್ತಿರಬೇಕು, ಅದು ದಾಖಲೆಯಲ್ಲಿರಬೇಕು. ಆಗ ಸುಮ್ಮನಿದ್ದು ಆಮೇಲೆ ಕೇಳಿದರೆ ಗೆಲ್ಲುವುದು ಬಹಳ ಕಷ್ಟ. ಆಕ್ಷೇಪ ಎತ್ತಿದ್ದರೂ, ಆ ತಪ್ಪಿನಿಂದ ತೀರ್ಪು ಬದಲಾಗುತ್ತಿರಲಿಲ್ಲ ಎಂದು ಸರ್ಕಾರ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟರೆ ಶಿಕ್ಷೆ ಉಳಿಯುತ್ತದೆ.

ಸರ್ಕಾರಿ ವಕೀಲರಿಗೂ ದಾರಿ ಇಲ್ಲವೆಂದಲ್ಲ. ಮಾದರಿ ಇನ್ನೂ ಉಳಿದಿದ್ದರೆ ಹೊಸ ತಜ್ಞರೇ ಬ್ಲ್ಯಾಂಕ್ ಹಾಕಿ, ತಾವೇ ಪರೀಕ್ಷೆ ಮಾಡಿ, ಕಣ್ಣಾರೆ ಕಂಡದ್ದನ್ನು ಕೋರ್ಟಿನಲ್ಲಿ ಹೇಳಬಹುದು.