ಮನೆಯಲ್ಲಿ ಮಧು, ದಾಖಲೆಯಲ್ಲಿ ಮಧುಕೇಶ್ವರ

ಶಿರಸಿ ಸೀಮೆಯ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ. ಹತ್ತು ಹನ್ನೆರಡು ಜನ ಮೆಟ್ಟುಗತ್ತಿಗಳ ಮುಂದೆ ಕುಳಿತಿದ್ದರು. ಒಳಗಿನಿಂದ ‘ಮಧೂ, ಚಾ ಆತು, ತಗಂಡ್ ಹೋಗು’ ಎಂಬ ಕರೆ ಬಂದಾಗ ಮೂವರು ತಲೆಯೆತ್ತಿದರು: ಸುಲಿಯಲು ಬಂದಿದ್ದ ಪಕ್ಕದ ಮನೆಯ ಮಧುಸೂದನ, ತವರಿಗೆ ಬಂದಿದ್ದ ಮಧುರಾ ಮತ್ತು ಆ ಮನೆಯ ಹತ್ತನೆಯ ತರಗತಿಯ ಮಾಣಿ. ಮಾಣಿಯ ಪೂರ್ಣ ಹೆಸರು ಮಧುಕೇಶ್ವರ. ಆ ರಾತ್ರಿ ಅಂಗಳದಲ್ಲಿದ್ದವರ ಪೈಕಿ ಅತ್ಯಂತ ಅಪರೂಪದ ಹೆಸರು ಅವನದೇ ಆಗಿದ್ದರೂ, ಬಾಯಲ್ಲಿ ಅದು ಎಲ್ಲರ ಹೆಸರಿನಂತೆ ಆಗಿಬಿಟ್ಟಿತ್ತು.

ಅಪರೂಪವೆಂದರೇನು ಎಂಬುದನ್ನು ಅಳೆಯಲು ಒಂದು ದಾರಿಯಿದೆ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಮಂಡಿಸಿದ ಮಾಹಿತಿ ಸಿದ್ಧಾಂತದ ಪ್ರಕಾರ, ಯಾವುದೇ ಮಾಹಿತಿಯ ತೂಕವನ್ನು ಅದು ಎಷ್ಟು ‘ಹೌದು–ಅಲ್ಲ’ ಪ್ರಶ್ನೆಗಳನ್ನು ಕೇಳುವ ಶ್ರಮವನ್ನು ಉಳಿಸುತ್ತದೆ ಎಂಬುದರಿಂದ ಲೆಕ್ಕ ಹಾಕಬಹುದು. ಅಂತಹ ಒಂದು ಪ್ರಶ್ನೆಯ ಬೆಲೆ ಒಂದು ಬಿಟ್. 2011ರ ಜನಗಣತಿಯಂತೆ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ಪ್ರತಿ ಪ್ರಶ್ನೆಗೂ ಜನರನ್ನು ಸರಿಯಾಗಿ ಅರ್ಧಕ್ಕೆ ಇಳಿಸುತ್ತ ಹೋದರೆ, ಇವರಲ್ಲಿ ಒಬ್ಬನನ್ನು ಗುರುತಿಸಲು 21 ಪ್ರಶ್ನೆಗಳು ಸಾಕು. ನೂರರಲ್ಲಿ ಒಬ್ಬನಿಗೆ ಇರುವ ಹೆಸರು ಈ ಪೈಕಿ ಆರೇಳು ಪ್ರಶ್ನೆಗಳನ್ನು ಉಳಿಸಿದರೆ, ಹತ್ತು ಸಾವಿರದಲ್ಲಿ ಒಬ್ಬನಿಗೆ ಇರುವ ಹೆಸರು ಹದಿಮೂರು ಪ್ರಶ್ನೆಗಳನ್ನು ಉಳಿಸುತ್ತದೆ. ಇಡಗುಂಜಿಯ ಗಣಪತಿ, ಗೋಕರ್ಣದ ಮಹಾಬಲೇಶ್ವರ ಇವರ ಹೆಸರುಗಳು ಕರಾವಳಿಯಲ್ಲೂ ಘಟ್ಟದ ಮೇಲೂ ಮನೆಮನೆಗೆ ಹಬ್ಬಿರುವುದರಿಂದಲೇ, ನಮ್ಮಲ್ಲಿ ಬರೀ ‘ಗಪ್ಪತಿ’ ಎಂದರೆ ಸಾಲುವುದಿಲ್ಲ. ಮೇಲಿನಮನೆ ಗಪ್ಪತಿಯೋ, ಕೆಳಗಿನಮನೆ ಗಪ್ಪತಿಯೋ ಎಂದು ಹೇಳಲೇಬೇಕು. ಹೆಸರಿಗೆ ಅಂಟಿಕೊಂಡ ಮನೆ, ಕೇರಿ, ಊರುಗಳು ಆ ಕೊರತೆಯ ಬಿಟ್‌ಗಳನ್ನು ತುಂಬಿಕೊಡುತ್ತವೆ.

ಹಾಗಿದ್ದರೆ ಮಧುಕೇಶ್ವರ ತನ್ನ ಬಿಟ್‌ಗಳ ಶ್ರೀಮಂತಿಕೆಯನ್ನು ಏಕೆ ಕಳೆದುಕೊಂಡ? ಹೆಚ್ಚು ಬಳಕೆಯಾಗುವ ಪದಗಳು ಚಿಕ್ಕದಾಗಿರುತ್ತವೆ ಎಂಬುದನ್ನು ಭಾಷಾತಜ್ಞ ಜಾರ್ಜ್ ಝಿಪ್ಫ್ ಕಳೆದ ಶತಮಾನದ ಮೊದಲರ್ಧದಲ್ಲಿಯೇ ತೋರಿಸಿದ್ದರು. ಹೆಸರು ಜಗತ್ತಿಗೆ ಎಷ್ಟೇ ಅಪರೂಪವಾದರೂ, ದಿನಕ್ಕೆ ಐವತ್ತು ಬಾರಿ ಕೂಗುವ ತಾಯಿಗೆ ಅದು ಅಪರೂಪವಲ್ಲ. ಆದ್ದರಿಂದ ಐದು ಅಕ್ಷರದ ಹೆಸರು ಎರಡಕ್ಕೆ ಇಳಿಯುತ್ತದೆ, ಮಹಾಬಲೇಶ್ವರ ‘ಮಾಬ್ಲ’ ಆಗುತ್ತಾನೆ. ಸೊಸೆಯು ಮಾವನ ಹೆಸರನ್ನು ಉಚ್ಚರಿಸಬಾರದೆಂಬ ಹಳೆಯ ಕಟ್ಟಳೆಯೂ ಇದಕ್ಕೆ ಸೇರಿಕೊಂಡಿತ್ತು. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟ ಮನೆಯಲ್ಲಿ ತಾಯಿ ತನ್ನ ಮಗನನ್ನು ಮಾಣಿ, ತಮ, ಅಪ್ಪಿ ಎಂದೇ ಕರೆಯುತ್ತ ದಿನ ಕಳೆಯುತ್ತಿದ್ದಳು.

ಅಜ್ಜನಿಂದ ಮೊಮ್ಮಗನಿಗೆ ಹೆಸರು ದಾಟುವ ಈ ಪದ್ಧತಿ ಗಣಿತಜ್ಞರಿಗೆ ಬಹಳ ಪರಿಚಿತವಾದ ಸಮಸ್ಯೆ. 1873ರಲ್ಲಿ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನ ಕುಲನಾಮಗಳು ಅಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಎತ್ತಿದ. ಪಾದ್ರಿಯೂ ಗಣಿತಜ್ಞನೂ ಆಗಿದ್ದ ಹೆನ್ರಿ ವಿಲಿಯಂ ವಾಟ್ಸನ್ ಉತ್ತರಿಸಿದ. ಎಲ್ಲ ಹೆಸರುಗಳೂ ಕೊನೆಗೆ ಅಳಿಯುತ್ತವೆ ಎಂದು ವಾಟ್ಸನ್ ಹೇಳಿದ್ದು ಪೂರ್ತಿ ಸರಿಯಲ್ಲ, ಏಕೆಂದರೆ ಸರಾಸರಿ ಒಂದಕ್ಕಿಂತ ಹೆಚ್ಚು ಜನರಿಗೆ ದಾಟುವ ಹೆಸರು ಉಳಿದುಕೊಳ್ಳಬಹುದು. ಆದರೆ ಸರಾಸರಿ ಒಂದೇ ಆಗಿದ್ದು, ಉಳಿದದ್ದೆಲ್ಲ ಆಕಸ್ಮಿಕಕ್ಕೆ ಬಿಟ್ಟದ್ದಾದರೆ, ಒಬ್ಬನೇ ಹೊತ್ತ ಹೆಸರು ಮುಂದಿನ ತಲೆಮಾರಿಗೇ ಅಳಿಯುವ ಸಂಭವ 37 ಪ್ರತಿಶತ. ಎರಡನೆಯ ತಲೆಮಾರಿನ ಹೊತ್ತಿಗೆ 53, ಮೂರನೆಯದರ ಹೊತ್ತಿಗೆ ಹತ್ತಿರ ಹತ್ತಿರ 63. ಅದೇ ಹೆಸರನ್ನು ಹತ್ತು ಜನ ಹೊತ್ತಿದ್ದರೆ, ಮೂರು ತಲೆಮಾರಿನೊಳಗೆ ಅದು ಪೂರ್ತಿ ಅಳಿಯುವ ಸಂಭವ ಒಂದು ಪ್ರತಿಶತಕ್ಕಿಂತಲೂ ಕಡಿಮೆ. ಅಂದರೆ ಹೆಸರು ಅಳಿಯಲು ಯಾರೂ ಅದನ್ನು ದ್ವೇಷಿಸಬೇಕಾಗಿಲ್ಲ. ಒಬ್ಬನಿಗೆ ಗಂಡುಮಕ್ಕಳಾಗಲಿಲ್ಲ, ಇನ್ನೊಬ್ಬನ ಮೊಮ್ಮಗ ಬೆಂಗಳೂರಿನಲ್ಲಿ ಹುಟ್ಟಿ ಎರಡಕ್ಷರದ ಹೆಸರು ಪಡೆದ, ಇಷ್ಟೇ ಸಾಕು.

ಸಂಶೋಧಕರಾದ ಮ್ಯಾಥ್ಯೂ ಹಾನ್ ಮತ್ತು ಅಲೆಕ್ಸಾಂಡರ್ ಬೆಂಟ್ಲಿ 2003ರಲ್ಲಿ ಅಮೆರಿಕದ ಮಕ್ಕಳ ಹೆಸರುಗಳನ್ನು ಇದೇ ದೃಷ್ಟಿಯಿಂದ ಪರಿಶೀಲಿಸಿ, ತಂದೆತಾಯಿಯರು ಯಾವ ಆಯ್ಕೆಯ ಕಾರಣವೂ ಇಲ್ಲದೆ ಪರಸ್ಪರರನ್ನು ಸುಮ್ಮನೆ ಅನುಕರಿಸುತ್ತಾರೆ, ಆಗೊಮ್ಮೆ ಈಗೊಮ್ಮೆ ಹೊಸದೊಂದನ್ನು ಕಟ್ಟುತ್ತಾರೆ ಎಂದು ಊಹಿಸಿದರೂ ಅಲ್ಲಿನ ಹೆಸರುಗಳ ಹಂಚಿಕೆ ಸಾಕಷ್ಟು ಸರಿಯಾಗಿ ಮೂಡಿಬರುತ್ತದೆ ಎಂದು ತೋರಿಸಿದರು. ಕೆಲವೇ ಹೆಸರುಗಳು ಅತಿ ಸಾಮಾನ್ಯ, ಅಸಂಖ್ಯ ಹೆಸರುಗಳು ಅತಿ ವಿರಳ.

ಈ ಲೆಕ್ಕ ಮಧುಕೇಶ್ವರನಿಗೆ ಪೂರ್ತಿ ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ. ವಾಟ್ಸನ್ನನ ಗಣಿತದಲ್ಲಿ ಒಮ್ಮೆ ಅಳಿದ ಹೆಸರು ಮರಳಿ ಬರುವುದಿಲ್ಲ. ಇಲ್ಲಿ ಬರುತ್ತದೆ. ಕದಂಬರ ರಾಜಧಾನಿಯಾಗಿದ್ದ, ವರದಾ ನದಿಯ ದಂಡೆಯ ಬನವಾಸಿಯಲ್ಲಿ ಮಧುಕೇಶ್ವರನ ಗುಡಿಯಿದೆ. ಅಲ್ಲಿನ ಲಿಂಗಕ್ಕೆ ಜೇನಿನ ಬಣ್ಣವಿರುವುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಮಕ್ಕಳಾಗದ ದಂಪತಿ ಹರಕೆ ಹೊತ್ತು, ಹುಟ್ಟಿದ ಮಗುವಿಗೆ ದೇವರ ಹೆಸರನ್ನೇ ಇಡುವ ರೂಢಿ ಇರುವ ತನಕ, ಊರಿನಲ್ಲಿ ಒಬ್ಬ ಮಧುಕೇಶ್ವರನೂ ಉಳಿಯದಿದ್ದರೂ ಹೆಸರು ಮತ್ತೆ ಮೊಳೆಯಬಹುದು. ಸಸ್ಯಶಾಸ್ತ್ರದಲ್ಲಿ ಮಣ್ಣಿನಲ್ಲಿ ಹುದುಗಿ ಕಾಲ ಕಾಯುವ ಬೀಜಗಳ ದಾಸ್ತಾನು ಎಂಬ ಮಾತಿದೆ. ಮೇಲಿನ ಗಿಡಗಳೆಲ್ಲ ಸತ್ತರೂ ಕಾಡು ಮುಗಿದಿರುವುದಿಲ್ಲ. ಗುಡಿ ಹೆಸರಿಗೆ ಅಂತಹ ಮಣ್ಣು.

ಆದರೆ ಎಲ್ಲ ಬೀಜವೂ ಮೊಳೆಯುವುದಿಲ್ಲ ಎಂಬುದಕ್ಕೂ ಪಕ್ಕದಲ್ಲಿಯೇ ಉದಾಹರಣೆಯಿದೆ. ಸ್ಥಳಪುರಾಣವು ಬನವಾಸಿಯ ಮಧುಕೇಶ್ವರನನ್ನೂ, ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರನನ್ನೂ ಮಧು ಮತ್ತು ಕೈಟಭ ಎಂಬ ಇಬ್ಬರು ದೈತ್ಯ ಸೋದರರಿಗೆ ಜೋಡಿಸುತ್ತದೆ. ಕಥೆ ಒಂದೇ, ಸೀಮೆ ಒಂದೇ, ಶಿವನೂ ಒಬ್ಬನೇ. ಹಾಗಿದ್ದೂ ಇಷ್ಟು ವರ್ಷಗಳಲ್ಲಿ ಕೈಟಭೇಶ್ವರ ಎಂಬ ಹೆಸರಿನ ಹುಡುಗನನ್ನು ನಾನು ಒಬ್ಬನನ್ನೂ ಕಂಡಿಲ್ಲ. ಇದು ಬರೀ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಮಧು ಎಂಬ ದೈತ್ಯನ ಹೆಸರು ಜೇನಿನ ಹೆಸರೂ ಹೌದಾದ್ದರಿಂದ ಅದರ ದೈತ್ಯತನ ಮರೆತುಹೋಗಿದೆ. ಕೈಟಭನಿಗೆ ಅಡಗಿಕೊಳ್ಳಲು ಬೇರೆ ಅರ್ಥವೇ ಇಲ್ಲ. ಅಲ್ಲದೆ ‘ಟ’ಕಾರ ‘ಭ’ಕಾರಗಳ ಬಿಗಿಯಾದ ಆ ಹೆಸರನ್ನು ಮಗುವಿಗೆಂದು ಮುದ್ದಾಗಿ ಕತ್ತರಿಸುವುದಾದರೂ ಎಲ್ಲಿ?

ಧ್ವನಿಗೂ ಸ್ವಭಾವಕ್ಕೂ ನಂಟು ಕಲ್ಪಿಸುವುದು ಮನುಷ್ಯರಿಗೆ ಸಹಜ. ಮ, ನ, ಲ ಮೊದಲಾದ ಮೆದು ಧ್ವನಿಗಳ ಹೆಸರನ್ನು ಕೇಳಿದವರು ಆ ವ್ಯಕ್ತಿಯನ್ನು ಸೌಮ್ಯ ಸ್ವಭಾವದವನೆಂದೂ, ಕ, ಟ, ಪಗಳ ಹೆಸರನ್ನು ಕೇಳಿದವರು ಚುರುಕಿನವನೆಂದೂ ಊಹಿಸುವುದು ಕೆನಡಾದ ಮನೋವಿಜ್ಞಾನಿಗಳ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ನಿಜವಾದ ಜನರ ಸ್ವಭಾವವನ್ನು ಅವರ ಹೆಸರಿನೊಂದಿಗೆ ಹೋಲಿಸಿ ನೋಡಿದಾಗ ಆ ನಂಟು ಸಿಗಲಿಲ್ಲ. ‘ಈ ಹೆಸರಿನವರು ಮೃದುಭಾಷಿಗಳು, ಆದರೆ ಒಮ್ಮೊಮ್ಮೆ ಹಠವಾದಿಗಳು’ ಎಂದು ಬರೆಯುವ ಭವಿಷ್ಯಕಾರರು ನಂಬಿಕೆ ಗಳಿಸುವುದು ಬೇರೆಯೇ ಕಾರಣಕ್ಕೆ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಾಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಅವರವರ ಸ್ವಭಾವ ವಿವರಣೆಯೆಂದು ಹೇಳಿ ಒಂದೇ ಬರಹವನ್ನು ಹಂಚಿದಾಗ, ಅದು ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಅವರು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟಿದ್ದರು. ಮೃದುಭಾಷಿಯೂ ಹಠವಾದಿಯೂ ಆಗದ ಮನುಷ್ಯ ಯಾರಿದ್ದಾನೆ? ಮಧುಕೇಶ್ವರ ಎಂಬ ಹೆಸರು ಅದನ್ನು ಹೊತ್ತವನ ಗುಣವನ್ನು ಹೇಳುವುದಿಲ್ಲ. ಅವನ ಮನೆಯವರು ಯಾವ ಗುಡಿಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಮಾತ್ರ ಒಳ್ಳೆಯ ನಿಖರತೆಯಿಂದ ಹೇಳುತ್ತದೆ.

ಇನ್ನು ಎಣಿಕೆಯ ಮಾತು. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಯು 1880ರಿಂದೀಚಿನ ಮಕ್ಕಳ ಹೆಸರುಗಳನ್ನು ಪ್ರಕಟಿಸುತ್ತದೆಯಾದರೂ, ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಗೋಪ್ಯತೆಯ ಕಾರಣಕ್ಕೆ ಕೈಬಿಡುತ್ತದೆ. ಕಾಗುಣಿತ ಬದಲಾದರೆ ಅದನ್ನು ಬೇರೆ ಹೆಸರೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಅಂತಹ ಪಟ್ಟಿಯಲ್ಲಿ ನಮ್ಮ ಹುಡುಗ ಕಾಣಿಸಿಕೊಳ್ಳುವುದು ಕಷ್ಟ. ಕನ್ನಡದಲ್ಲಿ ಒಂದೇ ಆಗಿರುವ ಅವನ ಹೆಸರು ಇಂಗ್ಲಿಷ್ ಅಕ್ಷರಗಳಿಗೆ ಇಳಿಯುವಾಗ ಜನನ ಪ್ರಮಾಣಪತ್ರದಲ್ಲಿ ಕೊನೆಗೊಂದು ‘ಎ’ ಇದೆ, ಶಾಲೆಯ ದಾಖಲೆಯಲ್ಲಿ ಇಲ್ಲ, ಆಧಾರ್ ಕಾರ್ಡಿನಲ್ಲಿ ‘ಶ್ವ’ದೊಳಗಿನ ‘ಎಚ್’ ಬಿಟ್ಟುಹೋಗಿದೆ. ಮೂರನ್ನೂ ಒಂದು ಮಾಡಿಸಲು ಅವನ ಅಪ್ಪ ಈ ಸಲದ ಕೊಯ್ಲಿನ ನಡುವೆ ಎರಡು ದಿನ ಪೇಟೆಗೆ ಓಡಾಡಿದ್ದಾನೆ.