ರೆಂಟಲ್ ಯೀಲ್ಡ್: ಎಷ್ಟು ದುಡ್ಡಿಗೆ ಎಷ್ಟು ಬಾಡಿಗೆ?

"ಥರ್ಟಿ ಫಾರ್ಟಿ ಸೈಟು ಸಾರ್, ನಾಲ್ಕು ಫ್ಲೋರು, ತಿಂಗಳಿಗೆ 80,000 ಬಾಡಿಗೆ ಬರುತ್ತೆ." ಬೆಂಗಳೂರಿನಲ್ಲಿ ಕಟ್ಟಡ ತೋರಿಸುವ ಬ್ರೋಕರ್ ಮೊದಲು ಹೇಳುವುದು ಈ ಮಾತನ್ನೇ. 80,000 ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಆದರೆ ಆ ಕಟ್ಟಡದ ಬೆಲೆ ಎಷ್ಟು ಅಂತ ಗೊತ್ತಾಗುವ ತನಕ ಅದು ಜಾಸ್ತಿಯೋ ಕಮ್ಮಿಯೋ ಹೇಳುವುದಕ್ಕೆ ಬರುವುದಿಲ್ಲ. ಒಂದೂವರೆ ಕೋಟಿ ಆದರೆ ವರ್ಷಕ್ಕೆ ಶೇ. 6.4 ಹುಟ್ಟುತ್ತದೆ. 2.4 ಕೋಟಿ ಆದರೆ ಶೇ. 4 ಮಾತ್ರ. ಹೀಗೆ ವರ್ಷದ ಬಾಡಿಗೆ, ಹಾಕಿದ ದುಡ್ಡಿನ ಶೇಕಡಾ ಎಷ್ಟು ಅಂತ ನೋಡುವ ಲೆಕ್ಕವೇ ರೆಂಟಲ್ ಯೀಲ್ಡ್.

ಲೆಕ್ಕವೇನೋ ಸುಲಭ. ಮೋಸ ಹೋಗುವುದು ಎಲ್ಲಿ ಅಂದರೆ, ಬಾಡಿಗೆಯಲ್ಲಿ ಏನೇನು ಕಳೆಯಬೇಕು, ಬೆಲೆಗೆ ಏನೇನು ಕೂಡಬೇಕು ಅನ್ನುವಲ್ಲಿ. ಏನೂ ಕಳೆಯದೆ ಹೇಳಿದರೆ ಅದು ಗ್ರಾಸ್ ಯೀಲ್ಡ್. ಖರ್ಚೆಲ್ಲ ಕಳೆದು ಹೇಳಿದರೆ ನೆಟ್ ಯೀಲ್ಡ್. ಮಾರುವವರು ಹೇಳುವುದು ಮೊದಲನೆಯದು, ನಿಮ್ಮ ಕೈಗೆ ಬರುವುದು ಎರಡನೆಯದು.

ಒಂದು ಉದಾಹರಣೆ ನೋಡಿ. 75 ಲಕ್ಷದ ಎರಡು ಬೆಡ್‌ರೂಮಿನ ಫ್ಲಾಟು, 25,000 ಬಾಡಿಗೆ. ವರ್ಷಕ್ಕೆ 3 ಲಕ್ಷ, ಅಂದರೆ ಗ್ರಾಸ್ ಶೇ. 4. ಈಗ ಬೆಲೆಯ ಕಡೆ ಬನ್ನಿ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ 2ಕ್ಕೆ ಏರಿತು. ಎಲ್ಲ ಸೇರಿ ನಗರದಲ್ಲಿ ಶೇ. 7.6, ಅಂದರೆ 5.7 ಲಕ್ಷ ರಿಜಿಸ್ಟ್ರೇಷನ್‌ಗೇ ಹೋಯಿತು. ವಾರ್ಡ್‌ರೋಬು, ಅಡುಗೆಮನೆ ಕಬೋರ್ಡು, ಫ್ಯಾನು, ಗೀಸರು ಅಂತ ಇನ್ನೊಂದು ನಾಲ್ಕು ಲಕ್ಷಕ್ಕೆ ಮೇಲೆ. ನಿಮ್ಮ ಫ್ಲಾಟಿನ ಅಸಲಿ ಬೆಲೆ 85 ಲಕ್ಷ!

ಬಾಡಿಗೆಯ ಕಡೆ? ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಹೋಯಿತು ಅಂತಿಟ್ಟುಕೊಳ್ಳಿ, 25,000. ಆಸ್ತಿ ತೆರಿಗೆ 9,000 (ಬೆಂಗಳೂರಿನಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆ ಮನೆಗೆ ದರ ಜಾಸ್ತಿ, ಇದನ್ನು ತುಂಬಾ ಜನ ಮರೆಯುತ್ತಾರೆ). ಪೇಂಟು, ಪ್ಲಂಬರು, ಕೆಟ್ಟ ಗೀಸರು ಅಂತ ಸರಾಸರಿ 16,000. ಉಳಿದದ್ದು ಎರಡೂವರೆ ಲಕ್ಷ. 85 ಲಕ್ಷಕ್ಕೆ ಎರಡೂವರೆ ಲಕ್ಷ ಅಂದರೆ ಶೇ. 3ಕ್ಕಿಂತ ಚೂರು ಕಮ್ಮಿ. ಮೇಂಟೆನೆನ್ಸ್ ಕೂಡ ಬಾಡಿಗೆಯಲ್ಲೇ ಸೇರಿದ್ದರೆ ಇನ್ನೂ ಇಳಿಯುತ್ತದೆ.

ಇದೇ ಫ್ಲಾಟಿಗೆ 60 ಲಕ್ಷ ಸಾಲ ಮಾಡಿದ್ದೀರಿ ಅನ್ನಿ. ಶೇ. 8.5 ಬಡ್ಡಿ, 20 ವರ್ಷ. ಕಂತು ತಿಂಗಳಿಗೆ ಸುಮಾರು 52,000. ಬರುವುದು 25,000. "ಬಾಡಿಗೆಯಲ್ಲೇ ಇಎಂಐ ತೀರುತ್ತೆ" ಅನ್ನುವ ಮಾತು ಎಷ್ಟು ನಿಜ ಅಂತ ನೀವೇ ನೋಡಿ. ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ? ಮುಂದೆ ಬೆಲೆ ಏರುತ್ತದೆ ಅನ್ನುವ ನಂಬಿಕೆಯಿಂದ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಬೆಲೆಯ ಮೇಲಿನ ಪಣ, ಬಾಡಿಗೆಯ ಆದಾಯ ಅಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಯಾವುದು ದುಡಿಯುತ್ತಿದೆ, ಯಾವುದು ಕೂತು ತಿನ್ನುತ್ತಿದೆ ಗೊತ್ತಾಗುವುದಿಲ್ಲ.

ಯೀಲ್ಡ್ ಮಾತ್ರ ನೋಡುವವರಿಗೆ ದೊಡ್ಡ ಮನೆಗಿಂತ ಸಣ್ಣ ಮನೆಗಳೇ ವಾಸಿ. ಒಂದು ದೊಡ್ಡ ಮೂರು ಬೆಡ್‌ರೂಮ್ ಮನೆಗೆ ಬರುವ ಬಾಡಿಗೆಗಿಂತ, ಅದೇ ಜಾಗದಲ್ಲಿ ಒಂದು ಬೆಡ್‌ರೂಮಿನ ಎರಡು ಮೂರು ಮನೆ ಮಾಡಿದರೆ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ನಮ್ಮ ಹಳೇ ವಠಾರದ ಲೆಕ್ಕವೂ ಇದೇ ಅಲ್ವಾ? ಹಾಗಂತ ಅದು ಸುಮ್ನೆ ಬರುವ ದುಡ್ಡಲ್ಲ. ಮನೆ ಹೆಚ್ಚಾದಷ್ಟೂ ನೀರಿನ ಟ್ಯಾಂಕರು, ಮೋಟಾರಿನ ಕರೆಂಟು, ಪದೇಪದೇ ಖಾಲಿ ಮಾಡುವವರು, ರಾತ್ರಿ ಹತ್ತಕ್ಕೆ ಫೋನು. ಐಟಿ ಕಂಪನಿಗಳ ಸುತ್ತ ಸಿಂಗಲ್ ರೂಮು, ಪೀಜಿ ಕಟ್ಟಿಸಿದವರು 2020ರಲ್ಲಿ ಖಾಲಿ ಕಟ್ಟಡ ಕಾದುಕೊಂಡು ಕೂತಿದ್ದರು. ಆಫೀಸುಗಳು ತೆರೆದ ಮೇಲೆ, 2022-23ರಲ್ಲಿ, ಅದೇ ರೂಮುಗಳಿಗೆ ಬಾಡಿಗೆ ಗಗನಕ್ಕೇರಿತು.

ಇಂಥ ಕಟ್ಟಡ ನೋಡುವುದಕ್ಕೆ ಹೋದಾಗ ಮೊದಲು ಮೀಟರ್ ಬೋರ್ಡ್ ಹತ್ತಿರ ನಿಲ್ಲಿ. ಸಾಮಾನ್ಯವಾಗಿ ಮೆಟ್ಟಿಲ ಕೆಳಗೆ, ಸ್ಕೂಟರುಗಳ ಹಿಂದೆ ಇರುತ್ತದೆ. ಎಷ್ಟು ಮೀಟರ್ ಇವೆ, ಎಷ್ಟು ತಿರುಗುತ್ತಿವೆ ನೋಡಿ. ಪ್ರತಿ ಮನೆಯ ಹಿಂದಿನ ಆರು ತಿಂಗಳ ಬೆಸ್ಕಾಂ ಬಿಲ್ ಕೇಳಿ. ಗೃಹಜ್ಯೋತಿಯ ಸೊನ್ನೆ ಬಿಲ್ ಆದರೂ ಬಳಸಿದ ಯೂನಿಟ್ ಅದರಲ್ಲಿ ಅಚ್ಚಾಗಿರುತ್ತದೆ. ನಾಲ್ಕು ತಿಂಗಳು ಐದೋ ಆರೋ ಯೂನಿಟ್ ತೋರಿಸಿದರೆ ಆ ಮನೆಯಲ್ಲಿ ಯಾರೂ ಇರಲಿಲ್ಲ ಅಂತಲೇ ಲೆಕ್ಕ, ಅಗ್ರಿಮೆಂಟಿನಲ್ಲಿ ಏನೇ ಬರೆದಿರಲಿ. ಜೊತೆಗೆ ಖಾತೆ, ಮಂಜೂರಾದ ಪ್ಲಾನು ಕೇಳಿ. ಎರಡು ಮಹಡಿಗೆ ಪ್ಲಾನ್ ತೆಗೆಸಿ ನಾಲ್ಕು ಕಟ್ಟಿದ್ದರೆ ಯೀಲ್ಡ್ ಚೆನ್ನಾಗಿಯೇ ಕಾಣುತ್ತದೆ. ಸಾಲ ಸಿಗುವುದು, ಮುಂದೆ ಮಾರುವುದು ಕಷ್ಟ.

ಅಡ್ವಾನ್ಸ್ ಮತ್ತು ಭೋಗ್ಯ ಈ ಲೆಕ್ಕವನ್ನು ಇನ್ನಷ್ಟು ಕಲಸುತ್ತವೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೇ ರೂಢಿ, ಈಗೀಗ ಐದಾರು ತಿಂಗಳಿಗೆ ಇಳಿದಿರುವ ಕಡೆಯೂ ಇದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಅನ್ನುತ್ತದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ. ಎಷ್ಟೇ ತಗೊಳ್ಳಿ, ಅದು ಆದಾಯ ಅಲ್ಲ, ವಾಪಸ್ ಕೊಡಬೇಕಾದ ಸಾಲ. ಅದನ್ನು ಖರ್ಚು ಮಾಡಿಕೊಂಡು, ಹೊಸಬರ ಅಡ್ವಾನ್ಸಿನಲ್ಲಿ ಹಳಬರ ಲೆಕ್ಕ ತೀರಿಸುವ ಓನರುಗಳಿಗೆ ಬರವಿಲ್ಲ.

ಭೋಗ್ಯದಲ್ಲಿ ಬಾಡಿಗೆಯೇ ಇಲ್ಲ. ಹತ್ತು ಲಕ್ಷ ಇಸ್ಕೊಂಡು ಮೂರು ವರ್ಷ ಮನೆ ಬಿಟ್ಟುಕೊಟ್ಟು, ಕೊನೆಗೆ ಪೂರ್ತಿ ದುಡ್ಡು ವಾಪಸ್. ಆ ಹತ್ತು ಲಕ್ಷವನ್ನು ಬ್ಯಾಂಕಿನಲ್ಲಿ ಶೇ. 7ಕ್ಕೆ ಇಟ್ಟರೆ ವರ್ಷಕ್ಕೆ 70,000. ಅದೇ ಮನೆ 12,000 ಬಾಡಿಗೆಗೆ ಹೋಗುವಂತಿದ್ದರೆ 1,44,000 ಬರುತ್ತಿತ್ತು. ಅಂದರೆ ದುಬಾರಿ ಬಡ್ಡಿಯ ಸಾಲ ತೀರಿಸುವುದಿದ್ದರೆ ಮಾತ್ರ ಓನರಿಗೆ ಭೋಗ್ಯದಿಂದ ಒಂದಿಷ್ಟು ಉಪಯೋಗ.

ಇನ್ನೊಂದು ಗೊಂದಲ ಹಳೇ ಮನೆಗಳದ್ದು. ಅಪ್ಪ ಮೂವತ್ತು ವರ್ಷದ ಹಿಂದೆ ಐದು ಲಕ್ಷದಲ್ಲಿ ಕಟ್ಟಿಸಿದ ಮನೆಗೆ ಈಗ ತಿಂಗಳಿಗೆ 30,000 ಬಂದರೆ, ಹಾಕಿದ ದುಡ್ಡಿನ ಮುಕ್ಕಾಲು ಭಾಗ ಒಂದೇ ವರ್ಷದಲ್ಲಿ ಬಂದ ಹಾಗೆ ಕಾಣುತ್ತದೆ. ಆದರೆ ಆ ಮನೆ ಇವತ್ತು ಎರಡು ಕೋಟಿಗೆ ಹೋಗುವಂತಿದ್ದರೆ ಯೀಲ್ಡ್ ಶೇ. 1.8 ಅಷ್ಟೇ. ಇಟ್ಟುಕೊಳ್ಳುವುದೋ ಮಾರುವುದೋ ಅಂತ ಯೋಚಿಸುವಾಗ ಇವತ್ತಿನ ಬೆಲೆಯನ್ನೇ ಹಿಡಿಯಬೇಕು. ಮಾರಲ್ಲ ಅಂತ ತೀರ್ಮಾನಿಸಿದವರಿಗೆ, ಅಣ್ಣತಮ್ಮಂದಿರ ಪಾಲು ಇನ್ನೂ ಬಗೆಹರಿಯದವರಿಗೆ ಈ ಲೆಕ್ಕದಿಂದ ದೊಡ್ಡ ಪ್ರಯೋಜನವೇನೂ ಇಲ್ಲ.

ಆದಾಯ ತೆರಿಗೆಯವರು ಮಾತ್ರ ಬಾಡಿಗೆಗೆ ಸ್ವಲ್ಪ ಮೆತ್ತಗೆ. ಕಟ್ಟಿದ ಆಸ್ತಿ ತೆರಿಗೆ ಕಳೆದ ಮೇಲೆ ಉಳಿದ ಬಾಡಿಗೆಯಲ್ಲಿ ಶೇ. 30ನ್ನು ರಿಪೇರಿ ಬಿಲ್ ತೋರಿಸದೆಯೇ ಬಿಟ್ಟುಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಬಡ್ಡಿ ಬಾಡಿಗೆಗಿಂತ ಜಾಸ್ತಿಯಾದರೆ, ಆ ನಷ್ಟವನ್ನು ಸಂಬಳದಲ್ಲಿ ಕಳೆಯುವುದಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಅವಕಾಶವಿಲ್ಲ. ಹಳೆಯದರಲ್ಲಿ ವರ್ಷಕ್ಕೆ 2 ಲಕ್ಷದ ಮಿತಿ. ಅಮೆರಿಕದಲ್ಲೋ ದುಬೈಯಲ್ಲೋ ಕೂತು ಇಲ್ಲಿನ ಫ್ಲಾಟು ಬಾಡಿಗೆಗೆ ಕೊಟ್ಟವರಿಗೆ ಇನ್ನೊಂದು ತೊಡಕಿದೆ. ಓನರು ಅನಿವಾಸಿ ಆದರೆ ಬಾಡಿಗೆದಾರರೇ ಕೊಡುವ ಬಾಡಿಗೆಯಲ್ಲಿ ಶೇ. 30, ಅದರ ಮೇಲೆ ಸೆಸ್ಸೂ ಸೇರಿಸಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಎಷ್ಟೋ ಬಾಡಿಗೆದಾರರಿಗೆ ಇದು ಗೊತ್ತೇ ಇರುವುದಿಲ್ಲ. ಅಗ್ರಿಮೆಂಟ್ ಮಾಡುವ ದಿನವೇ ಹೇಳಿಬಿಡುವುದು ಇಬ್ಬರಿಗೂ ಒಳ್ಳೆಯದು.