ಮಲೆನಾಡಿನ ಕೊಟ್ಟಿಗೆಗೆ ಯಾವ ಹಸು? ಗಿಡ್ಡದಿಂದ ಗಿರ್‌ವರೆಗೆ

ಎರಡು ಹಸು ಕಟ್ಟಬೇಕು, ಯಾವುದು ತರಲಿ? ತೀರ್ಥಹಳ್ಳಿ ಕಡೆಯ ಯಾವುದಾದರೂ ಹಾಲಿನ ಸೊಸೈಟಿ ಮುಂದೆ ಈ ಮಾತು ತೆಗೆದು ನೋಡಿ. ಒಬ್ಬರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅನ್ನುತ್ತಾರೆ, ಇನ್ನೊಬ್ಬರು ಜರ್ಸಿ; ಎರಡೂ ಹೊರದೇಶದ ಹಾಲಿನ ತಳಿ. ಹುಡುಗರಿಗೆ ಗಿರ್ ಬೇಕು. ಇಲ್ಲಿನದೇ ಚಿಕ್ಕ ತಳಿ ಮಲೆನಾಡು ಗಿಡ್ಡ ಅಂದವರನ್ನು ನೋಡಿ ಎಲ್ಲರೂ ನಗುತ್ತಾರೆ.

ನಮ್ಮ ಅಜ್ಜನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದನ ಕೊಟ್ಟಿಗೆಯಲ್ಲೇ ಹುಟ್ಟಿ ಅಲ್ಲೇ ಬೆಳೆಯುತ್ತಿದ್ದವು. ಹಾಲಿಗಾಗಿ ಸಾಕಿದವರು ಕಡಿಮೆ, ಗೊಬ್ಬರಕ್ಕೆ ಸಾಕಿದವರೇ ಜಾಸ್ತಿ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಸೊಪ್ಪು, ದರಗು (ಒಣ ಎಲೆ) ತಂದು ಕಾಲಡಿಗೆ ಹಾಸಿದರೆ ದನ ತುಳಿದು ಗೊಬ್ಬರ ಮಾಡುತ್ತಿದ್ದವು. ಅದು ಅಡಿಕೆ ತೋಟಕ್ಕೆ, ಗದ್ದೆಗೆ. ಬೆಳಿಗ್ಗೆ ಬಿಟ್ಟರೆ ಕಾಡು ಸುತ್ತಿ ಸಂಜೆ ತಾವೇ ಬರುತ್ತಿದ್ದವು. ಮನೆಯ ಖರ್ಚು ಅಂದರೆ ಒಂದಿಷ್ಟು ಅಕ್ಕಚ್ಚು (ಅಕ್ಕಿ ತೊಳೆದ ನೀರು), ಹುಲ್ಲು.

ಆ ಕೆಲಸಕ್ಕೆ ಗಿಡ್ಡ ಹೇಳಿ ಮಾಡಿಸಿದ ಹಾಗಿತ್ತು. ಎತ್ತರ ಮೂರು ಅಡಿ ಆಸುಪಾಸು, ತೂಕ ಸುಮಾರು 100 ಕೆಜಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಅಂಥ ಜಾರುವ ಗುಡ್ಡ ಹತ್ತಲು ಹಗುರ ಮೈ, ಗಟ್ಟಿ ಗೊರಸು ಬೇಕು, ಅಲ್ವಾ? ವರ್ಷಕ್ಕೊಂದು ಕರು ಹಾಕುತ್ತದೆ ಅಂತ ಅದಕ್ಕೆ ವರ್ಷಗಂಧಿ ಅನ್ನುವ ಹೆಸರೂ ಇದೆ. ಹಾಲು ಮಾತ್ರ ದಿನಕ್ಕೆ ಒಂದೆರಡು ಲೀಟರ್.

1970ರ ನಂತರ ಕ್ಷೀರಕ್ರಾಂತಿ ಬಂತು, ಸೊಸೈಟಿ ಬಂತು, ಕ್ರಾಸ್ ತಳಿಯ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಬಂತು.

ನಾನು ಕಣ್ಣಾರೆ ಕಂಡಿದ್ದು 90ರ ದಶಕ. ಮನೆಮನೆಗೆ ಜರ್ಸಿ ಬಂದ ಕಾಲ. ಕೆಲವರು ಹಸು ಕೊಳ್ಳುವ ದುಡ್ಡು ಉಳಿಯಲಿ ಅಂತ ಗಿಡ್ಡದ ಹಸುವಿಗೇ ಇಂಜೆಕ್ಷನ್ ಹಾಕಿಸಿದರು. ತಾಯಿ ಚಿಕ್ಕದು, ಹೊಟ್ಟೆಯ ಕರು ದೊಡ್ಡದು. ಕರು ಹಾಕುವಾಗ ರಾತ್ರಿಯಿಡೀ ಒದ್ದಾಡಿದ ಹಸುಗಳನ್ನು ನೋಡಿದ್ದೇನೆ. ಆದರೂ ಜರ್ಸಿ ನಮ್ಮ ಮನೆಯ ಲೆಕ್ಕ ಬದಲಿಸಿದ್ದು ಸುಳ್ಳಲ್ಲ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ, ಹಾಲಿನ ದುಡ್ಡು ಹದಿನೈದು ದಿನಕ್ಕೊಮ್ಮೆ. ಅಮ್ಮನ ಕೈಗೆ ಮೊದಲ ಸಲ ಸ್ವಂತ ಕಾಸು ಸಿಕ್ಕಿದ್ದು ಅದರಿಂದಲೇ.

ಕಷ್ಟ ಇದ್ದದ್ದು ಮಳೆಗಾಲದಲ್ಲಿ. ನಾಲ್ಕು ತಿಂಗಳು ಕೊಟ್ಟಿಗೆ ನೆಲ ಒಣಗುವುದಿಲ್ಲ. ಕೆಚ್ಚಲು ಬಾವು, ಗೊರಸು ಹುಣ್ಣು, ಉಣ್ಣಿ ಕಚ್ಚಿ ಜ್ವರ. ದೊಡ್ಡ ಮೈಯ ಎಚ್‌ಎಫ್‌ಗೆ ಇದರ ಪೆಟ್ಟು ಇನ್ನೂ ಜಾಸ್ತಿ. ಜೊತೆಗೆ ಬೇಸಿಗೆಯ ಬೆವರು ಸೆಕೆ ಬೇರೆ. ಜರ್ಸಿ ಸ್ವಲ್ಪ ತಡೆಯುತ್ತದೆ, ಹಾಲಿನಲ್ಲಿ ಫ್ಯಾಟೂ ಚೆನ್ನಾಗಿರುತ್ತದೆ. ಎರಡಕ್ಕೂ ಹಿಂಡಿ, ಬೂಸಾ, ಹಸಿಹುಲ್ಲು ಬಾಯಿಗೇ ತಂದು ಹಾಕಬೇಕು.

ಅಷ್ಟರಲ್ಲಿ ಗೋಮಾಳ ಕರಗಿತು. ಕೆಲವು ಕಡೆ ತೋಟವಾಯಿತು, ಕೆಲವು ಕಡೆ ಅಕೇಶಿಯಾ ಎದ್ದಿತು. ಅದರಡಿ ಮೇವು ಎಲ್ಲಿಂದ ಬರಬೇಕು? ಉಳಿದ ಗಿಡ್ಡಗಳು ಬೇಲಿ ಹಾರಿ ತುಡು ದನ ಅನ್ನಿಸಿಕೊಂಡವು. ಉಳುಮೆಗೆ ಟಿಲ್ಲರ್ ಬಂದ ಮೇಲೆ ಹೋರಿಗಳೂ ಬೇಡವಾದವು. 2008ರಲ್ಲಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು, ಆಮೇಲೆ ಅದು 5 ರೂಪಾಯಿ ಆಯಿತು. ಒಳ್ಳೆಯದೇ. ಆದರೆ ಅಳತೆ ಲೀಟರಿನದು, ಸೊಸೈಟಿಯಲ್ಲಿ ಸಗಣಿಗೆ ಕ್ಯಾನ್ ಇಲ್ಲ.

2012ರಲ್ಲಿ ಮಲೆನಾಡು ಗಿಡ್ಡಕ್ಕೆ ಪ್ರತ್ಯೇಕ ತಳಿ ಅಂತ ದೇಶದ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಷ್ಟು ಹೊತ್ತಿಗೆ ಎಷ್ಟೋ ಊರಿನಲ್ಲಿ ಶುದ್ಧ ಗಿಡ್ಡದ ಬೀಜದ ಹೋರಿ ಹುಡುಕಬೇಕಾಗಿತ್ತು. ಆಮೇಲೆ ದೇಸಿ ಹಸುವಿನದು ಅಂತ ಹೆಸರಾದ ಎ2 ಹಾಲಿನ ಮಾತು ಜೋರಾಗಿ ಗಿರ್ ಬಂತು. ಅದರ ತವರು ಗುಜರಾತಿನ ಸೌರಾಷ್ಟ್ರದ ಒಣ ಸೀಮೆ, ತೂಕ ಗಿಡ್ಡದ ಮೂರು ಪಟ್ಟಿಗೂ ಹೆಚ್ಚು. ದೇಸಿ ಅಂತಲೇ ತರುತ್ತಾರೆ. ಯಾವ ದೇಶದ್ದು ಅಂತ ಸುಮ್ನೆ ಕೇಳಬೇಕು ಅನ್ನಿಸುತ್ತದೆ.

ಹಾಗಂತ ಗಿಡ್ಡವನ್ನು ತಂದು ಕಟ್ಟಿ ಹಾಕಿದರೂ ಉಪಯೋಗವಿಲ್ಲ. ಅದಕ್ಕೆ ಓಡಾಡಲು ಬೆಟ್ಟ ಬೇಕು, ಇಲ್ಲವೇ ಕಾಯುವವರು ಬೇಕು. ನಮ್ಮೂರಿನ ಕೆಲವು ಮನೆಗಳಲ್ಲಿ ಈಗ ಬೇರೆಯೇ ಏರ್ಪಾಡು: ಒಂದು ಜರ್ಸಿ, ಪಕ್ಕದಲ್ಲಿ ಎರಡು ಗಿಡ್ಡ. ಜರ್ಸಿಯ ಹಾಲು ಸೊಸೈಟಿಗೆ, ಗಿಡ್ಡದ ಹಾಲು ಮನೆಯ ಮಜ್ಜಿಗೆಗೆ, ಮೂರರ ಸಗಣಿಯೂ ತೋಟಕ್ಕೆ.